ಮರೆಕ್ಸ್ ಲಸಿಕೆ ಹಾಕಿಸಿದ್ದೇವೆ, ಆದರೂ ಕೋಳಿ ಹೊಟ್ಟೆಯಲ್ಲಿ ಗಡ್ಡೆ. ಯಾಕೆ?

ಮಧುಗಿರಿ ಕೋಳಿಮನೆ
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 600 ಕೋಳಿ ಇವೆ, ನಾಟಿ ಕ್ರಾಸ್, ಮೊಟ್ಟೆಗೆ ಅಂತಲೇ ಸಾಕಿದ್ದು. ಒಂದು ದಿನದ ಮರಿ ತಂದಾಗ ಹ್ಯಾಚರಿಯವರೇ ಮರೆಕ್ಸ್ ಅನ್ನುವ ಗಡ್ಡೆ ರೋಗಕ್ಕೆ ಲಸಿಕೆ ಹಾಕಿ ಕೊಟ್ಟಿದ್ದರು. ಆಮೇಲೆ ಕೊಕ್ಕರೆ ರೋಗಕ್ಕೆ, ಗುಂಬೋರೋಗೆ, ಸಿಡುಬಿಗೆ ಎಲ್ಲಾ ದಿನಕ್ಕೆ ಸರಿಯಾಗಿ ಹಾಕಿಸಿದ್ದೇವೆ. ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ.

ಈಗ 22ನೇ ವಾರ. ಮೂರು ವಾರದಿಂದ ದಿನಕ್ಕೆ ಒಂದೋ ಎರಡೋ ಸಾಯುತ್ತಿವೆ. ಒಟ್ಟು 34 ಹೋದವು. ಸಾಯುವ ಮುಂಚೆ ವಾರ, ಹತ್ತು ದಿನ ಸೊರಗುತ್ತವೆ. ಜುಟ್ಟು ಬಿಳಿಚಿಕೊಳ್ಳುತ್ತದೆ. ಎತ್ತಿಕೊಂಡರೆ ಎದೆಮೂಳೆ ಕೈಗೆ ಚುಚ್ಚುತ್ತದೆ, ಹೊಟ್ಟೆ ಮಾತ್ರ ತುಂಬಿಕೊಂಡಿರುತ್ತದೆ. ನಿನ್ನೆ ಒಂದನ್ನು ಕೊಯ್ದು ನೋಡಿದೆವು. ಲಿವರ್ ಹೊಟ್ಟೆ ತುಂಬಾ ಹರಡಿಕೊಂಡಿತ್ತು, ಮೇಲೆಲ್ಲಾ ಬೂದು ಬಿಳಿ ಗಂಟು. ನಾನು ಹನ್ನೊಂದು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ, ಹೀಗೆ ನೋಡಿರಲಿಲ್ಲ.

ಒಬ್ಬರು ಮರೆಕ್ಸ್ ಅಂದರು. ಇನ್ನೊಬ್ಬರು ಲ್ಯುಕೋಸಿಸ್, ಕೋಳಿ ಕ್ಯಾನ್ಸರ್, ವೈರಸ್‌ನಿಂದ ಬರುತ್ತೆ ಅಂದರು. ಪಕ್ಕದ ಫಾರಂನವರು ನಿಮ್ಮ ಶೆಡ್ ಸ್ವಚ್ಛ ಇಲ್ಲ ಅನ್ನುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಮೊಟ್ಟೆ ಕೊಡಬೇಕೋ ಬೇಡವೋ ಅಂತ ನಮ್ಮವಳಿಗೆ ಭಯ. ವೈರಸ್‌ನಿಂದ ಕ್ಯಾನ್ಸರ್ ಬರುವುದು ನಿಜವೇ? ಬಂದರೆ ಲಸಿಕೆ ಯಾಕೆ ತಡೆಯಲಿಲ್ಲ?

ಬಳ್ಳಾರಿ ಲೇಯರ್
ಮರೆಕ್ಸೇ ಇರಬೇಕು ಅಣ್ಣ. ಲಸಿಕೆ ಕೋಲ್ಡ್ ಚೈನ್ ಕೆಟ್ಟರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ನಮ್ಮಲ್ಲಿ ಒಂದು ಬ್ಯಾಚ್ ಪೂರ್ತಿ ಹಾಗೇ ಹೋಯಿತು.

ಪಶುವೈದ್ಯೆ ಹಾಸನ
ಅವಸರ ಬೇಡ. ಮರೆಕ್ಸೂ ಲ್ಯುಕೋಸಿಸ್ಸೂ ಲಿವರ್‌ನಲ್ಲಿ ಒಂದೇ ಥರ ಕಾಣುತ್ತವೆ. ಬರೀ ಲಿವರ್ ನೋಡಿ ನಾನೂ ಹೇಳಲಾರೆ.

ಎರಡೂ ಬೇರೆ ಬೇರೆ ವೈರಸ್. ಮರೆಕ್ಸ್ ಹರ್ಪಿಸ್ ಜಾತಿಯದು. 1907ರಲ್ಲಿ ಬುಡಾಪೆಸ್ಟ್‌ನಲ್ಲಿ ಯೋಜೆಫ್ ಮರೆಕ್ ಅನ್ನುವ ಪಶುವೈದ್ಯ ಮೊದಲು ಬರೆದಿಟ್ಟರು, ಅವರ ಹೆಸರೇ ಉಳಿಯಿತು. ಲ್ಯುಕೋಸಿಸ್ ತರುವುದು ರೆಟ್ರೋವೈರಸ್, ಎಚ್‌ಐವಿ ಇರುವ ದೊಡ್ಡ ಕುಟುಂಬದ್ದು. ಮರೆಕ್ಸ್ ಲಸಿಕೆ ಮರೆಕ್ಸ್‌ಗೆ ಮಾತ್ರ.

ಮುಂದಿನ ಕೋಳಿ ಸತ್ತಾಗ ಎರಡು ಜಾಗ ನೋಡಿ ಸರ್. ಮೊದಲು ತೊಡೆಯ ಮಾಂಸ ಬಿಡಿಸಿ, ಒಳಗೆ ಬಿಳಿ ದಾರದ ಥರ ನರ ಸಿಗುತ್ತದೆ. ಎರಡೂ ಕಾಲಿನದನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ದಪ್ಪಗಾಗಿ, ಹಳದಿಗೆ ತಿರುಗಿ, ಗೆರೆ ಮಾಸಿದ್ದರೆ ಮರೆಕ್ಸ್ ಕಡೆ ಅನುಮಾನ. ಆಮೇಲೆ ಗುದದ ಮೇಲ್ಭಾಗದಲ್ಲಿ ಬರ್ಸಾ ಅನ್ನುವ ಚಿಕ್ಕ ಚೀಲ ಇರುತ್ತದೆ, ಅದನ್ನು ಸೀಳಿ. ಒಳಗೆ ಗಂಟು ಗಂಟಾಗಿದ್ದರೆ ಲ್ಯುಕೋಸಿಸ್ ಕಡೆ. ವಯಸ್ಸೂ ಒಂದು ಸುಳಿವು. ಮರೆಕ್ಸ್ ಎರಡನೇ ತಿಂಗಳಿಗೇ ಬರಬಹುದು. ಲ್ಯುಕೋಸಿಸ್ ಸಾಮಾನ್ಯವಾಗಿ 14 ವಾರಕ್ಕಿಂತ ಮುಂಚೆ ಕಾಣುವುದಿಲ್ಲ, ಮೊಟ್ಟೆಗೆ ಬರುವ ಹೊತ್ತಿಗೇ ಜಾಸ್ತಿ. ನಿಮ್ಮದು ಆ ವಯಸ್ಸೇ.

ಮಧುಗಿರಿ ಕೋಳಿಮನೆ
ಧನ್ಯವಾದ ಮೇಡಂ. ಮರೆಕ್ಸ್‌ನಲ್ಲಿ ಆಗುವ ಹಾಗೆ ಕಾಲು ಎಳೆಯುವುದು, ಒಂದು ಕಾಲು ಮುಂದೆ ಒಂದು ಹಿಂದೆ ಚಾಚುವುದು ಯಾವುದರಲ್ಲೂ ಕಂಡಿಲ್ಲ. ನಾಳೆ ನರ ನೋಡಿ ಹೇಳುತ್ತೇನೆ.

ಪ್ರಶ್ನೆ ಕೇಳುವವ
ಇದೆಲ್ಲಾ ಈಗಿನ ಫೀಡ್‌ನಿಂದ ರೀ. ಕೆಮಿಕಲ್, ಹಾರ್ಮೋನ್ ಇಂಜೆಕ್ಷನ್. ಹಿಂದಿನ ಕಾಲದಲ್ಲಿ ಕೋಳಿಗೆ ಕ್ಯಾನ್ಸರ್ ಅಂತ ಯಾರಾದರೂ ಕೇಳಿದ್ರಾ?

ಓದುಗ ಶಿರಸಿ
ಕೇಳಿದ್ದರು. ನೂರು ವರ್ಷಕ್ಕೂ ಹಿಂದೆಯೇ. ಈ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ.

1909. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆ. ಪೇಟನ್ ರೌಸ್ ಅನ್ನುವ 30 ವರ್ಷದ ಸಂಶೋಧಕ. ಎದೆಯ ಮೇಲೆ ಗಡ್ಡೆ ಎದ್ದ ಪ್ಲಿಮತ್ ರಾಕ್ ಕೋಳಿಯೊಂದು ಅವರ ಕೈಗೆ ಬಂತು. ರೌಸ್ ಗಡ್ಡೆ ತೆಗೆದು, ಅದರ ಚೂರುಗಳನ್ನು ಅದೇ ಹಿಂಡಿನ ಬೇರೆ ಕೋಳಿಗಳಿಗೆ ಇಟ್ಟು ನೋಡಿದರು. ಕೆಲವಕ್ಕೆ ಬೆಳೆಯಿತು. ಬೇರೆ ಹಿಂಡಿನ ಕೋಳಿಗೆ ಮೊದಮೊದಲು ಹಿಡಿಯಲೇ ಇಲ್ಲ.

ಆಮೇಲೆ ಮಾಡಿದ್ದೇ ದೊಡ್ಡದು. ಗಡ್ಡೆಯನ್ನು ಮರಳಿನ ಜೊತೆ ಅರೆದರು. ನೀರು ಬೆರೆಸಿ, ಜೀವಕೋಶವೂ ಬ್ಯಾಕ್ಟೀರಿಯಾವೂ ತೂರಲಾಗದಷ್ಟು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿದರು. ಕೆಳಗೆ ಇಳಿದ ತಿಳಿ ನೀರನ್ನು ಆರೋಗ್ಯವಾಗಿದ್ದ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು! ಆ ನೀರಿನಲ್ಲಿ ಇದ್ದದ್ದು ವೈರಸ್, ಈಗ ಅದನ್ನು ರೌಸ್ ವೈರಸ್ ಅನ್ನುತ್ತಾರೆ. 1911ರಲ್ಲಿ ಬರೆದರು. ಯಾರೂ ಸರಿಯಾಗಿ ನಂಬಲಿಲ್ಲ. ಕೋಳಿದು ಕೋಳಿಗೆ, ಮನುಷ್ಯರ ಕ್ಯಾನ್ಸರ್‌ಗೂ ಇದಕ್ಕೂ ಏನು ಸಂಬಂಧ ಅಂದರು. ಇಲಿಯಲ್ಲಿ ಇಂಥದ್ದನ್ನೇ ಹುಡುಕಲು ಹೋದರು, ಸಿಗಲಿಲ್ಲ. ಕೆಲವೇ ವರ್ಷದಲ್ಲಿ ರೌಸ್ ಈ ಕೆಲಸವನ್ನೇ ಬಿಟ್ಟರು. ನೊಬೆಲ್ ಬಂದಿದ್ದು 1966ರಲ್ಲಿ. ಆಗ ಅವರಿಗೆ 87 ವರ್ಷ.

1909ರಲ್ಲಿ ಯಾವ ಹಾರ್ಮೋನ್ ಇಂಜೆಕ್ಷನ್ ಇತ್ತು ಹೇಳಿ?

ವಿಸ್ಕಾನ್ಸಿನ್ ಕನ್ನಡಿಗ
ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ರೌಸ್‌ಗಿಂತ ಮೂರು ವರ್ಷ ಮೊದಲೇ, 1908ರಲ್ಲಿ, ಕೋಪನ್‌ಹೇಗನ್‌ನಲ್ಲಿ ಎಲರ್‌ಮನ್ ಮತ್ತು ಬಾಂಗ್ ಇಬ್ಬರೂ ಕೋಳಿಯ ರಕ್ತದ ಕ್ಯಾನ್ಸರನ್ನು ಹೀಗೇ ಸೋಸಿದ ದ್ರವದಿಂದ ದಾಟಿಸಿ ತೋರಿಸಿದ್ದರು. ಆದರೆ ಆಗ ರಕ್ತದ ಕ್ಯಾನ್ಸರನ್ನು ಕ್ಯಾನ್ಸರ್ ಅಂತಲೇ ಯಾರೂ ಎಣಿಸುತ್ತಿರಲಿಲ್ಲ. ಹಾಗಾಗಿ ಅವರ ಹೆಸರು ಮರೆಯಾಯಿತು. ಮಧುಗಿರಿಯವರ ಕೋಳಿಗೆ ಬಂದಿರುವುದು ಲ್ಯುಕೋಸಿಸ್ಸೇ ಆದರೆ, ಅದು ಈ ಡೆನ್ಮಾರ್ಕಿನವರು ಕಂಡ ಗುಂಪಿಗೇ ಸೇರಿದ್ದು.

ಪ್ರಶ್ನೆ ಕೇಳುವವ
ಹಾರ್ಮೋನ್ ಮಾತು ಬಿಡಿ, ಒಪ್ಪಿದೆ. ಆದರೆ ಫೀಡ್ ಕೆಟ್ಟರೆ ಲಿವರ್ ಹಾಳಾಗಲ್ವಾ? ಅದೂ ಸುಳ್ಳಾ?

ಪಶುವೈದ್ಯೆ ಹಾಸನ
ಅದು ಸುಳ್ಳಲ್ಲ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಲಿವರ್‌ಗೆ ನೇರ ಏಟು. ಆದರೆ ಆಗ ಲಿವರ್ ಹಳದಿಯಾಗಿ ಬಿಳಿಚಿಕೊಳ್ಳುತ್ತದೆ, ಮುಟ್ಟಿದರೆ ಪುಡಿಯಾಗುವ ಹಾಗಿರುತ್ತದೆ. ಬೂದು ಬಿಳಿ ಗಂಟು ಬೇರೆ ಕಥೆ. ಆದರೂ ಮಧುಗಿರಿಯವರು ಫೀಡ್ ಸ್ಯಾಂಪಲ್ ಒಮ್ಮೆ ಪರೀಕ್ಷೆ ಮಾಡಿಸಲಿ, ನಷ್ಟ ಏನಿಲ್ಲ.

ಅಜ್ಜಿಮನೆ ನಾಟಿ
ನಮ್ಮಜ್ಜಿ ಕಾವಿಗೆ ಇಡುವ ಮೊಟ್ಟೆ ಆರಿಸುವಾಗ ತುಂಬಾ ಕಟ್ಟುನಿಟ್ಟು. ಸೊರಗಿದ ಹ್ಯಾಟೆಯ ಮೊಟ್ಟೆ ಇಡಲೇ ಕೂಡದು, ಅದನ್ನು ಸಾರಿಗೆ ಹಾಕು ಅನ್ನುತ್ತಿದ್ದರು. ಸುಮ್ನೆ ಮೂಢನಂಬಿಕೆ ಅಂದುಕೊಂಡಿದ್ದೆ.

ಪಶುವೈದ್ಯೆ ಹಾಸನ
ಅಜ್ಜಿ ಹೇಳಿದ್ದು ಅರ್ಧ ದಾರಿ ಸರಿಯಾಗಿಯೇ ಇದೆ. ಲ್ಯುಕೋಸಿಸ್ ವೈರಸ್ ಹರಡುವ ಮುಖ್ಯ ದಾರಿಯೇ ಮೊಟ್ಟೆ. ತಾಯಿ ಕೋಳಿಯ ಮೊಟ್ಟೆನಾಳದಿಂದ ಬಿಳಿಲೋಳೆಗೆ ಬರುತ್ತದೆ, ಅಲ್ಲಿಂದ ಭ್ರೂಣಕ್ಕೆ. ಮರಿ ಒಡೆದು ಬರುವಾಗಲೇ ಮೈತುಂಬಾ ವೈರಸ್ ಇರುತ್ತದೆ. ಹುಟ್ಟುವ ಮುಂಚೆಯೇ ಸಿಕ್ಕಿದ್ದರಿಂದ ಮರಿಯ ಮೈಗೆ ಇದು ಹೊರಗಿನದು ಅಂತ ಗೊತ್ತೇ ಆಗುವುದಿಲ್ಲ. ಎದುರಿಸುವುದೂ ಇಲ್ಲ. ಲಸಿಕೆಯೂ ಅಲ್ಲೇ ಸೋಲುವುದು. ಒಂದು ದಿನದ ಮರಿಗೆ ಸೂಜಿ ಹಾಕುವ ಹೊತ್ತಿಗೆ ವೈರಸ್ ಮನೆಯವನಾಗಿ ಕೂತಿರುತ್ತದೆ. ಲ್ಯುಕೋಸಿಸ್‌ಗೆ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಇನ್ನರ್ಧ ಯಾಕೆ ಸರಿಯಿಲ್ಲ ಅಂದರೆ, ವೈರಸ್ ಹೊತ್ತ ತಾಯಿ ಕೋಳಿ ಸೊರಗಲೇಬೇಕು ಅಂತಿಲ್ಲ. ನೋಡಲು ಗಟ್ಟಿಮುಟ್ಟಾಗಿಯೇ ಇರಬಹುದು. ಮೊಟ್ಟೆ ಸ್ವಲ್ಪ ಕಡಿಮೆ ಇಡುತ್ತದೆ ಅಷ್ಟೇ. ವೈರಸ್ ಹೊರಬಿಡುವ ಕೋಳಿ 497 ದಿನದ ವಯಸ್ಸಿಗೆ 20ರಿಂದ 35 ಮೊಟ್ಟೆ ಕಡಿಮೆ ಇಡುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಸತ್ತ ಕೋಳಿ ಕಣ್ಣಿಗೆ ಕಾಣುತ್ತದೆ, ಈ ನಷ್ಟ ಕಾಣುವುದಿಲ್ಲ.

ಹಾಗಾಗಿ ಮಧುಗಿರಿಯವರೇ, ಶೆಡ್ ಸ್ವಚ್ಛ ಇಲ್ಲ ಅನ್ನುವ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಈ ವೈರಸ್ ಹೊರಗೆ ಕೆಲವು ಗಂಟೆಯೂ ಸರಿಯಾಗಿ ಬದುಕುವುದಿಲ್ಲ. ಲ್ಯುಕೋಸಿಸ್ ಆದರೆ ಅದು ನಿಮ್ಮ ಶೆಡ್‌ಗೆ ಮರಿಯ ಜೊತೆಗೇ ಬಂದಿರುವ ಸಾಧ್ಯತೆ ಹೆಚ್ಚು.

ಹ್ಯಾಚರಿ ಹುಡುಗ
ನಾನು ಒಂದು ಹ್ಯಾಚರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಮೇಡಂ ಹೇಳಿದ್ದು ಪೂರ್ತಿ ಸರಿ, ಆದರೆ ಮೊಟ್ಟೆ ಒಂದೇ ದಾರಿ ಅಲ್ಲ. ಹ್ಯಾಚರ್‌ನ ಒಂದೊಂದು ಟ್ರೇಯಲ್ಲಿ ನೂರಕ್ಕೂ ಹೆಚ್ಚು ಮರಿ ಒಟ್ಟಿಗೆ ಒಡೆಯುತ್ತವೆ. ಹುಟ್ಟಿದ ಕೂಡಲೇ ಹಾಕುವ ಮೊದಲ ಹಿಕ್ಕೆಯಲ್ಲೇ ವೈರಸ್ ಇರುತ್ತೆ. ಒಂದರಿಂದ ಪಕ್ಕದ್ದಕ್ಕೆ ದಾಟುತ್ತೆ.

ಇನ್ನೊಂದು ಸೂಜಿ. ಕುತ್ತಿಗೆ ಚರ್ಮ ಎತ್ತಿ ಮರೆಕ್ಸ್ ಹಾಕುವಾಗ ಒಂದೇ ಸೂಜಿಯಲ್ಲಿ ಸಾವಿರಾರು ಮರಿ ಮುಗಿಸುತ್ತಿದ್ದೆವು. ಸೂಜಿ ಮೊಂಡಾದಾಗ ಮಾತ್ರ ಬದಲಾಯಿಸುತ್ತಿದ್ದೆವು. ಆಗ ಯಾರೂ ನನಗೆ ಹೇಳಲಿಲ್ಲ. ಗೊತ್ತಾದ ಮೇಲೆ ತುಂಬಾ ಬೇಜಾರಾಯಿತು. ಯಾರ ಮರಿಗೆ ಏನು ದಾಟಿಸಿದೆವೋ.

ಬಳ್ಳಾರಿ ಲೇಯರ್
ನೀನು ಬೇಜಾರು ಮಾಡ್ಕೋಬೇಡಪ್ಪ. ಕಲಿಸಬೇಕಾದವರು ಕಲಿಸಬೇಕಿತ್ತು. ಆದರೆ ಇದು ಮಾತ್ರ ಎಲ್ಲರೂ ಬರೆದಿಟ್ಟುಕೊಳ್ಳುವ ವಿಷಯ. ನನ್ನ ಮೊದಲ ಮಾತು ವಾಪಸ್ ತಗೊಂಡೆ, ಮರೆಕ್ಸೇ ಅಂತ ಹೇಳಬಾರದಿತ್ತು.

ಮಂಡ್ಯ ಅಕ್ಕ
ಮಕ್ಕಳ ವಿಷಯ ಯಾರೂ ಹೇಳಲೇ ಇಲ್ಲ. ಮೊಟ್ಟೆ ತಿನ್ನಬಹುದಾ ಇಲ್ವಾ? ನಮ್ಮನೆಯಲ್ಲೂ ಅದೇ ಪ್ರಶ್ನೆ.

ವಿಸ್ಕಾನ್ಸಿನ್ ಕನ್ನಡಿಗ
ತಿನ್ನಬಹುದು ಅಕ್ಕ. ಇದು ಕೋಳಿಯ ವೈರಸ್, ಮನುಷ್ಯರಿಗೆ ಬರುವುದಿಲ್ಲ. ಜೀವಕೋಶದ ಹೊರಗೆ ಬಾಗಿಲ ಥರ ಪ್ರೋಟೀನ್ ಇರುತ್ತದೆ. ಕೋಳಿಯ ಬಾಗಿಲಿಗೆ ಹೊಂದುವ ಬೀಗದಕೈ ನಮ್ಮ ಬಾಗಿಲಿಗೆ ಹೊಂದುವುದಿಲ್ಲ. ಬೇಯಿಸಿದರೆ ವೈರಸ್ ಉಳಿಯುವುದೂ ಇಲ್ಲ.

ಇದಕ್ಕೆ ದೊಡ್ಡ ಸಾಕ್ಷಿಯೂ ಇದೆ. ಹಳದಿ ಜ್ವರದ ಲಸಿಕೆಯನ್ನು ಕೋಳಿ ಮೊಟ್ಟೆಯಲ್ಲೇ ಬೆಳೆಸುತ್ತಾರೆ. ಹಳೆಯ ಲಸಿಕೆಗಳಲ್ಲಿ ಲ್ಯುಕೋಸಿಸ್ ವೈರಸ್ ಸೇರಿಕೊಂಡಿತ್ತು ಅಂತ 1960ರ ದಶಕದಲ್ಲಿ ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಈ ಲಸಿಕೆ ಹಾಕಿದ್ದರು. ಸೂಜಿಯಲ್ಲೇ ಮೈಯೊಳಗೆ ಹೋಗಿತ್ತು ಅಂದ ಹಾಗೆ. ಆ ಸೈನಿಕರ ದಾಖಲೆ ತೆಗೆದು ನೋಡಿ 1972ರಲ್ಲಿ ಬರೆದರು. ಕ್ಯಾನ್ಸರ್ ಹೆಚ್ಚಾಗಿರಲಿಲ್ಲ.

ಮೈಕ್ರೋಬಯಾಲಜಿ ಧಾರವಾಡ
ಅವರು ಹೇಳಿದ ತೀರ್ಮಾನ ಒಪ್ಪುತ್ತೇನೆ, ಆದರೆ ಬಾಗಿಲಿಗೆ ಹೊಂದುವುದೇ ಇಲ್ಲ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ಲ್ಯುಕೋಸಿಸ್ ವೈರಸ್‌ಗೆ ಹತ್ತಿರದ ನೆಂಟನಾದ ರೌಸ್ ವೈರಸ್‌ನ ಕೆಲವು ತಳಿಗಳನ್ನು ಲ್ಯಾಬ್‌ನಲ್ಲಿ ಇಲಿಮರಿಗೆ, ಹ್ಯಾಮ್‌ಸ್ಟರ್‌ಗೆ ಚುಚ್ಚಿದರೆ ಗಡ್ಡೆ ಬರುತ್ತದೆ. 1950ರ ದಶಕದ ಕೊನೆಯಲ್ಲಿ ಮಾಸ್ಕೋದಲ್ಲಿ ತೋರಿಸಿದ್ದಾರೆ. ಪ್ರಾಗ್‌ನಲ್ಲಿ ಯಾನ್ ಸ್ವೊಬೊದಾ ಅಂಥ ಇಲಿಗಡ್ಡೆಯನ್ನೇ ಇಟ್ಟುಕೊಂಡು ಕೆಲಸ ಮಾಡಿದರು. ಆ ಇಲಿ ಕೋಶದಲ್ಲಿ ಹುಡುಕಿದರೆ ವೈರಸ್ ಸಿಗುವುದಿಲ್ಲ. ಅದೇ ಕೋಶವನ್ನು ತಿರುಗಿ ಕೋಳಿಗೆ ಇಟ್ಟರೆ ವೈರಸ್ ಎದ್ದು ಬರುತ್ತದೆ! ಇಷ್ಟು ಹೊತ್ತು ಎಲ್ಲಿ ಅಡಗಿತ್ತು?

ಕೋಳಿ ಕಸಾಯಿಖಾನೆ ಕೆಲಸಗಾರರಲ್ಲಿ ಕೆಲವು ಕ್ಯಾನ್ಸರ್ ಜಾಸ್ತಿ ಅಂತ ಅಮೆರಿಕದಲ್ಲಿ ಕೆಲವು ಅಧ್ಯಯನಗಳಿವೆ. ಈ ವೈರಸ್ಸೇ ಕಾರಣ ಅಂತ ಸಾಬೀತಾಗಿಲ್ಲ. ಹೆದರಿಸಲು ಹೇಳುತ್ತಿಲ್ಲ. ಗಡ್ಡೆ ಕೋಳಿ ಕೊಯ್ಯುವಾಗ ಕೈಗವಸು ಹಾಕಿಕೊಳ್ಳಿ ಅಂತ ಅಷ್ಟೇ.

ವಿಸ್ಕಾನ್ಸಿನ್ ಕನ್ನಡಿಗ
ಸರಿಯಾಗಿ ತಿದ್ದಿದಿರಿ, ಚುಚ್ಚುವುದು ಬೇರೆ, ತಿನ್ನುವುದು ಬೇರೆ ಅಂತ ನಾನು ಬಿಡಿಸಿ ಹೇಳಬೇಕಿತ್ತು. ಕೈಗವಸಿನ ಮಾತಿಗೆ ನನ್ನದೂ ಒಂದು ಓಟು.

ಎಲ್ಲಿ ಅಡಗಿತ್ತು ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಕೊಟ್ಟವರು ನಾನಿರುವ ಊರಿನಲ್ಲೇ ಇದ್ದವರು. ಹೊವರ್ಡ್ ಟೆಮಿನ್. ಮ್ಯಾಡಿಸನ್‌ನ ವಿಶ್ವವಿದ್ಯಾಲಯದಲ್ಲಿ ಕೆರೆದಂಡೆಯ ಒಂದು ಹಾದಿಗೆ ಅವರ ಹೆಸರಿಟ್ಟಿದ್ದಾರೆ, ನಾನು ಅದೇ ದಾರಿಯಲ್ಲಿ ಸೈಕಲ್‌ನಲ್ಲಿ ಲ್ಯಾಬ್‌ಗೆ ಹೋಗುತ್ತೇನೆ. ರೌಸ್ ವೈರಸ್‌ನ ಒಳಗೆ ಇರುವುದು ಆರ್‌ಎನ್‌ಎ. ಅದು ಡಿಎನ್‌ಎ ಆಗಿ ತಿರುಗಿ ಕೋಳಿಯ ಡಿಎನ್‌ಎಯೊಳಗೇ ಹೊಲಿದುಕೊಳ್ಳುತ್ತದೆ ಅಂತ ಟೆಮಿನ್ 1964ರಿಂದಲೇ ಹೇಳುತ್ತಿದ್ದರು. ಡಿಎನ್‌ಎಯಿಂದ ಆರ್‌ಎನ್‌ಎ ಆಗುತ್ತದೆ, ತಿರುಗಿ ಆಗುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆರು ವರ್ಷ ಯಾರೂ ಒಪ್ಪಲಿಲ್ಲ. 1970ರಲ್ಲಿ ಅವರೂ ಸತೋಶಿ ಮಿಜುತಾನಿಯವರೂ ರೌಸ್ ವೈರಸ್‌ನೊಳಗೆ ಆ ಕೆಲಸ ಮಾಡುವ ಕಿಣ್ವವನ್ನೇ ಹಿಡಿದು ತೋರಿಸಿದರು. ಅದೇ ಹೊತ್ತಿಗೆ ಡೇವಿಡ್ ಬಾಲ್ಟಿಮೋರ್ ಇಲಿಯ ವೈರಸ್‌ನಲ್ಲಿ ಹಿಡಿದರು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಪೇಟನ್ ರೌಸ್ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಇನ್ನು ಕೆಲವು ತಿಂಗಳು ಇದ್ದಿದ್ದರೆ ನೋಡುತ್ತಿದ್ದರು. ಇದನ್ನು ನೆನೆದಾಗಲೆಲ್ಲಾ ನನಗೆ ಸಂಕಟವಾಗುತ್ತದೆ.

ಓದುಗ ಶಿರಸಿ
ಕೊರೋನಾ ಟೆಸ್ಟ್‌ನಲ್ಲಿ ಆರ್‌ಟಿ-ಪಿಸಿಆರ್ ಅಂತ ಇತ್ತಲ್ಲ, ಆ ಆರ್‌ಟಿ ಇದೇ ಅಲ್ವಾ?

ವಿಸ್ಕಾನ್ಸಿನ್ ಕನ್ನಡಿಗ
ಇದೇ. ಲ್ಯಾಬ್‌ಗಳಲ್ಲಿ ಬಳಸುವ ಈ ಕಿಣ್ವದ ಒಂದು ಬಗೆ ಇಲಿ ವೈರಸ್‌ನದು, ಇನ್ನೊಂದು ಬಗೆ ಕೋಳಿಯ ರಕ್ತದ ಕ್ಯಾನ್ಸರ್ ವೈರಸ್‌ನದು.

ಮಂಡ್ಯ ಅಕ್ಕ
ಇದು ಗೊತ್ತೇ ಇರಲಿಲ್ಲ ನೋಡಿ. ಮೂಗಿಗೆ ಕಡ್ಡಿ ಹಾಕಿಸಿಕೊಂಡಾಗ ಕೋಳಿ ನೆನಪಾಗಿರಲಿಲ್ಲ.

ಓದುಗ ಶಿರಸಿ
ಇನ್ನೊಂದು ವಿಷಯ. ಕೋಳಿ ಕೆಲಸ ಬಿಟ್ಟ ಮೇಲೆ ರೌಸ್ ಸುಮ್ನೆ ಕೂರಲಿಲ್ಲ. 1916ರಲ್ಲಿ ಅವರೂ ಟರ್ನರ್ ಅನ್ನುವವರೂ ಸಿಟ್ರೇಟ್, ಸಕ್ಕರೆ ಬೆರೆಸಿ ರಕ್ತವನ್ನು ವಾರಗಟ್ಟಲೆ ಕೆಡದಂತೆ ಇಡುವುದು ಹೇಗೆ ಅಂತ ಕಂಡುಕೊಂಡರು. ಮೊದಲ ಮಹಾಯುದ್ಧದ ರಣರಂಗದ ರಕ್ತನಿಧಿಗೆ ಅದೇ ದಾರಿಯಾಯಿತು. ಅವರ ಅಳಿಯ ಆಲನ್ ಹಾಡ್ಜ್‌ಕಿನ್‌ಗೂ ನೊಬೆಲ್ ಬಂತು, ಅದೂ ಮಾವನಿಗಿಂತ ಮೂರು ವರ್ಷ ಮುಂಚೆ.

ಬಳ್ಳಾರಿ ಲೇಯರ್
ಅಳಿಯನ ಕಥೆ ಆಮೇಲೆ ಹೇಳಿ ಸರ್. ನನಗೆ ಒಂದು ಅರ್ಥ ಆಗ್ತಿಲ್ಲ. ಹುಟ್ಟುವಾಗಲೇ ವೈರಸ್ ಇದ್ದರೆ ಗಡ್ಡೆ ಐದು ತಿಂಗಳಾದ ಮೇಲೆ ಯಾಕೆ? ರೌಸ್ ಕೋಳಿಗೆ ಬೇಗ ಬಂತಲ್ಲ?

ವಿಸ್ಕಾನ್ಸಿನ್ ಕನ್ನಡಿಗ
ಒಳ್ಳೆ ಪ್ರಶ್ನೆ. ಪಂಪ್‌ಸೆಟ್ ಉದಾಹರಣೆ ಕೊಡುತ್ತೇನೆ. ಲ್ಯುಕೋಸಿಸ್ ವೈರಸ್ ಬರುವಾಗ ಬರೀ ಸ್ವಿಚ್ ತರುತ್ತದೆ, ಮೋಟಾರ್ ತರುವುದಿಲ್ಲ. ಕೋಳಿಯ ಡಿಎನ್‌ಎಯಲ್ಲಿ ಎಲ್ಲೋ ಒಂದು ಕಡೆ ಕೂರುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಲಕ್ಷಾಂತರ ಕೋಶಗಳಲ್ಲಿ ಒಂದೆರಡರಲ್ಲಿ ಮಾತ್ರ ಮಿಕ್ ಅನ್ನುವ ಜೀನ್ ಪಕ್ಕ ಬಿದ್ದುಬಿಡುತ್ತದೆ. ಕೋಶ ಬೆಳೆಸುವ ಮೋಟಾರ್ ಅದು. ವೈರಸ್‌ನ ಸ್ವಿಚ್ಚು ಅದಕ್ಕೆ ತಗುಲಿದರೆ ಮೋಟಾರ್ ಆಫ್ ಆಗುವುದೇ ಇಲ್ಲ. ಆ ಒಂದು ಕೋಶ ಬರ್ಸಾದಲ್ಲಿ ಬೆಳೆದು, ಲಿವರ್‌ಗೆ ಹರಡಲು ತಿಂಗಳುಗಳೇ ಬೇಕು. 1981ರಲ್ಲಿ ಇದು ಗೊತ್ತಾಯಿತು. ಬರ್ಸಾ ತೆಗೆದ ಕೋಳಿಗೆ ಈ ಕ್ಯಾನ್ಸರ್ ಬರುವುದಿಲ್ಲ.

ರೌಸ್ ವೈರಸ್ ಹಾಗಲ್ಲ, ಮೋಟಾರನ್ನೇ ಹೊತ್ತು ತರುತ್ತದೆ. ಸಾರ್ಕ್ ಅನ್ನುವ ಜೀನ್. ಹೋದ ಕೋಶದಲ್ಲೆಲ್ಲಾ ಅದು ಓಡುತ್ತದೆ, ಗಡ್ಡೆ ವಾರಗಳಲ್ಲೇ ಏಳುತ್ತದೆ. ಆ ಮೋಟಾರ್ ಎಲ್ಲಿಂದ ಬಂತು? 1976ರಲ್ಲಿ ಬಿಷಪ್, ವಾರ್ಮಸ್, ಸ್ಟೆಹೆಲಿನ್, ವೋಗ್ಟ್ ಹುಡುಕಿ ನೋಡಿದರೆ ಆರೋಗ್ಯವಾದ ಕೋಳಿಯಲ್ಲೇ ಅದಿದೆ. ಬಾತುಕೋಳಿಯಲ್ಲಿ, ಎಮುವಿನಲ್ಲೂ ಇದೆ. ಆಮೇಲೆ ಮನುಷ್ಯರಲ್ಲೂ ಸಿಕ್ಕಿತು. ವೈರಸ್ ಯಾವಾಗಲೋ ಕೋಳಿಯಿಂದ ಕದ್ದಿತ್ತು. ಕ್ಯಾನ್ಸರ್‌ನ ಬೀಜ ಹೊರಗಿನಿಂದ ಬರುವುದಲ್ಲ, ನಮ್ಮದೇ ಜೀನ್ ಹದ ತಪ್ಪುವುದು ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಬಿಷಪ್, ವಾರ್ಮಸ್ ಇಬ್ಬರಿಗೆ 1989ರಲ್ಲಿ ನೊಬೆಲ್ ಬಂತು.

ಮಂಡ್ಯ ಅಕ್ಕ
ನಮ್ಮ ಭಾವನಿಗೆ ರಕ್ತದ ಕ್ಯಾನ್ಸರ್, ಸಿಎಂಎಲ್. ಏಳು ವರ್ಷದಿಂದ ದಿನಕ್ಕೊಂದು ಇಮಾಟಿನಿಬ್ ಮಾತ್ರೆ ತಗೊಂಡು ಗದ್ದೆ ಕೆಲಸ ಮಾಡ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮೈಕ್ರೋಬಯಾಲಜಿ ಧಾರವಾಡ
ಇದೆ ಅಕ್ಕ. ಸಾರ್ಕ್ ಜೀನ್ ಮಾಡುವ ಪ್ರೋಟೀನ್ ಟೈರೋಸಿನ್ ಕೈನೇಸ್ ಅನ್ನುವ ಜಾತಿಯದು. ಆ ಜಾತಿ ಇದೆ ಅಂತ ಗೊತ್ತಾಗಿದ್ದೇ ಇಂಥ ಗಡ್ಡೆ ವೈರಸ್‌ಗಳ ಕೆಲಸದಿಂದ. ಭಾವನ ಕಾಯಿಲೆಯಲ್ಲಿ ಕೆಟ್ಟಿರುವ ಏಬಲ್ ಅನ್ನುವುದೂ ಅದೇ ಜಾತಿ. ಇಮಾಟಿನಿಬ್ ಅದನ್ನೇ ಕಟ್ಟಿಹಾಕುತ್ತದೆ. ಅವರು ಚೆನ್ನಾಗಿರಲಿ.

ಮಂಡ್ಯ ಅಕ್ಕ
ಇವತ್ತೇ ಫೋನ್ ಮಾಡಿ ಹೇಳ್ತೀನಿ ಅವರಿಗೆ.

ಮಧುಗಿರಿ ಕೋಳಿಮನೆ
ಬೆಳಿಗ್ಗೆ ಎರಡು ಸತ್ತಿದ್ದವು. ಕೈಗವಸು ಹಾಕಿಕೊಂಡೇ ಕೊಯ್ದೆ. ತೊಡೆಯ ನರ ಎರಡೂ ಕಡೆ ತೆಳ್ಳಗೆ, ಬೆಳ್ಳಗೆ, ಒಂದೇ ಸಮ ಇದೆ. ಬರ್ಸಾ ಚೀಲ ಸೀಳಿದರೆ ಒಂದರಲ್ಲಿ ಕಡಲೆಕಾಳಿನಷ್ಟು ಗಂಟು, ಇನ್ನೊಂದರಲ್ಲಿ ಅದಕ್ಕಿಂತ ದೊಡ್ಡದು. ಗುಲ್ಮವೂ ಊದಿತ್ತು.

ಪಶುವೈದ್ಯೆ ಹಾಸನ
ಹಾಗಾದರೆ ಲ್ಯುಕೋಸಿಸ್ ಅನುಮಾನ ಬಲವಾಯಿತು. ಖಾತ್ರಿಗೆ ಲಿವರ್, ಗುಲ್ಮ, ಬರ್ಸಾ ಚೂರುಗಳನ್ನು ಫಾರ್ಮಲಿನ್‌ನಲ್ಲಿ ಹಾಕಿ. ಬೇರೆ ಚೂರುಗಳನ್ನು ಐಸ್ ಮೇಲೆ ಇಡಿ. ನಿಮ್ಮ ತಾಲ್ಲೂಕು ಪಶುವೈದ್ಯರ ಪತ್ರದ ಜೊತೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಿ. ಆ ಕೋಳಿಗಳ ಮೊಟ್ಟೆಯನ್ನು ಮಾತ್ರ ಮರಿ ಮಾಡಿಸಬೇಡಿ. ಔಷಧ ಇಲ್ಲ, ಟಾನಿಕ್‌ಗೆ ಅಂತ ದುಡ್ಡು ಸುರಿಯಬೇಡಿ.

ಮಧುಗಿರಿ ಕೋಳಿಮನೆ
ಮುಂದಿನ ಬ್ಯಾಚ್‌ಗೆ ಏನು ಕೇಳಬೇಕು ಹ್ಯಾಚರಿಯವರನ್ನ?

ಪಶುವೈದ್ಯೆ ಹಾಸನ
ತಾಯಿ ಕೋಳಿಗಳಿಗೆ ಪಿ27 ಎಲೈಸಾ ಮಾಡಿಸಿದ್ದೀರಾ ಅಂತ ಕೇಳಿ. ಮೊಟ್ಟೆಯ ಬಿಳಿಲೋಳೆ ಅಥವಾ ಗುದದ ಸ್ವಾಬ್‌ನಲ್ಲಿ ವೈರಸ್‌ನ ಪ್ರೋಟೀನ್ ಹುಡುಕುವ ಪರೀಕ್ಷೆ. ಪಾಸಿಟಿವ್ ಬಂದ ತಾಯಿಯನ್ನು ತೆಗೆಯುತ್ತಾ ಹೋದರೆ ತಲೆಮಾರಿನಿಂದ ತಲೆಮಾರಿಗೆ ಹಿಂಡು ಶುದ್ಧವಾಗುತ್ತದೆ. ಬ್ರಿಟನ್‌ನಲ್ಲಿ 1980ರ ದಶಕದ ಕೊನೆಯಲ್ಲಿ ಜೆ ಅನ್ನುವ ಹೊಸ ಗುಂಪಿನ ಲ್ಯುಕೋಸಿಸ್ ವೈರಸ್ ಸಿಕ್ಕಿತು. ಅದು ಬ್ರಾಯ್ಲರ್ ತಾಯಿ ಹಿಂಡುಗಳ ಜೊತೆ ಜಗತ್ತಿಗೆಲ್ಲಾ ಹರಡಿತ್ತು. ದೊಡ್ಡ ತಳಿ ಕಂಪನಿಗಳು ಅದನ್ನು ಓಡಿಸಿದ್ದು ಇದೇ ದಾರಿಯಲ್ಲಿ. ಸಣ್ಣ ಹ್ಯಾಚರಿಗಳ ನಾಟಿ ಕ್ರಾಸ್ ಮರಿಗಳ ಬಗ್ಗೆ ನನಗೆ ಚಿಂತೆ. ಕೊಳ್ಳುವವರು ಕೇಳದಿದ್ದರೆ ಪರೀಕ್ಷೆಗೆ ಯಾರು ಖರ್ಚು ಮಾಡುತ್ತಾರೆ?

ಪ್ರಶ್ನೆ ಕೇಳುವವ
ವೈರಸ್ ಹಿಡಿಯದ ತಳಿಯನ್ನೇ ಮಾಡೋಕಾಗಲ್ವಾ?

ಮೈಕ್ರೋಬಯಾಲಜಿ ಧಾರವಾಡ
ಮಾಡಿದ್ದಾರೆ. 2020ರಲ್ಲಿ, ಅದೇ ಪ್ರಾಗ್‌ನವರು. ಜೆ ಗುಂಪಿನ ವೈರಸ್ ಹಿಡಿದುಕೊಳ್ಳುವ ಬಾಗಿಲಿನಲ್ಲಿ 38ನೇ ಜಾಗದ ಒಂದೇ ಒಂದು ಅಮೈನೋ ಆಮ್ಲವನ್ನು ಜೀನ್ ತಿದ್ದುವ ಕ್ರಿಸ್ಪರ್ ವಿಧಾನದಿಂದ ತೆಗೆದರು. ಆ ಕೋಳಿಗೆ ಜೆ ಹಿಡಿಯುವುದಿಲ್ಲ. ಬೇರೆ ಗುಂಪಿನ ವೈರಸ್‌ಗಳ ಬಾಗಿಲು ಬೇರೆ, ಅವು ಬರಬಹುದು. ನಮ್ಮ ಊರಿನ ಶೆಡ್‌ಗೆ ಬರುವುದು ದೂರದ ಮಾತು. ಸದ್ಯಕ್ಕೆ ಎಲೈಸಾನೇ.

ಹ್ಯಾಚರಿ ಹುಡುಗ
ಮಧುಗಿರಿ ಅಣ್ಣಾ, ಇನ್ನೊಂದು ಕೇಳಿ. ಮರೆಕ್ಸ್ ಹಾಕುವಾಗ ಎಷ್ಟು ಮರಿಗೊಂದು ಸೂಜಿ ಬದಲಾಯಿಸುತ್ತೀರಿ ಅಂತ. ಉತ್ತರ ತಡವರಿಸಿದರೆ ಅಲ್ಲಿ ತಗೋಬೇಡಿ.

ಮಧುಗಿರಿ ಕೋಳಿಮನೆ
ಬರೆದುಕೊಂಡೆ ತಮ್ಮಾ. ಸ್ಯಾಂಪಲ್ ಡಬ್ಬ ತುಂಬಿಸಿದ್ದೇನೆ, ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ನಾನೇ ಹೆಬ್ಬಾಳಕ್ಕೆ ಹೊರಡುತ್ತೇನೆ. ರಾತ್ರಿ ಮಕ್ಕಳಿಗೆ ಮೊಟ್ಟೆ ಬೇಯಿಸಿ ಕೊಟ್ಟೆವು. ರಿಪೋರ್ಟ್ ಬಂದ ದಿನ ಇಲ್ಲೇ ಹಾಕುತ್ತೇನೆ.